ಸಂದೂಕದ ಮಂದಿ: ಪದೇ ಪದೇ ಕೇಳುವ ಪ್ರಶ್ನೆಗಳು

‘ಸಂದೂಕದ ಮಂದಿ’ ನಾನು ಮಕ್ಕಳಿಗೆಂದು ಬರೆದ ಕಥೆ. ಜೀವ ಬಂದ ಗೊಂಬೆಗಳು, ಅವನ್ನು ತಿನ್ನಲು ಬಂದ ಪೊಳ್ಳವ್ವ, ಈ ಎರಡರ ನಡುವೆ ಮೆಲ್ಲಗೆ ಏರುವ ಹಿನ್ನೀರು. ಓದಿದ ಮಕ್ಕಳು, ರಾತ್ರಿ ಓದಿ ಹೇಳಿದ ತಾಯಂದಿರು, ನಾಟಕ ಆಡಿಸಲು ಹೊರಟ ಮಾಸ್ತರರು ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೆ ಉತ್ತರಗಳನ್ನು ಒಂದೇ ಕಡೆ ಇಟ್ಟಿದ್ದೇನೆ. ಕೊನೆ ಮೊದಲೇ ಗೊತ್ತಾಗಬಾರದು ಅನ್ನುವವರು ‘ಕೊನೆ ಬಯಲು’ ಎಂದಿರುವ ಪ್ರಶ್ನೆಗಳನ್ನು ದಾಟಿ ಹೋಗಿ.

ಕಥೆ ಏನ್ರಿ? ಕೊನೆ ಬಿಟ್ಟು ಹೇಳ್ರಿ.

ಹಳೇ ಬಾಗಲಕೋಟೆಯ ಒಂದು ಓಣಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಮನೆಮಂದಿಯೆಲ್ಲ ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೊರಟಿದ್ದಾರೆ. ತಲಬಾಗಿಲು, ಕಿಟಕಿ, ಒಳಕಲ್ಲು ಎಲ್ಲ ಲಾರಿ ಏರಿವೆ. ಅಟ್ಟದ ಮೇಲಿನ ತಗಡಿನ ಸಂದೂಕಕ್ಕೆ ಲಾರಿಯಲ್ಲಿ ಜಾಗ ಸಿಗಲಿಲ್ಲ. ಅದರೊಳಗೆ ಆ ಮನೆಯ ಹುಡುಗಿ ಸಾವಂತ್ರಿಯ ಆಟಿಕೆಗಳಿವೆ: ಮೂರು ಕಾಲಿನ ಮಣ್ಣೆತ್ತು ಕುಂಟ್ಯಾ, ಗೋಕಾಕದ ಕಟ್ಟಿಗೆ ಸಿಪಾಯಿ, ಗುಳೇದಗುಡ್ಡದ ಖಣದ ಚೂರಿನಲ್ಲಿ ಹೊಲಿದ ಖಣವ್ವ, ಬನಶಂಕರಿ ಜಾತ್ರೆಯಲ್ಲಿ ಕೊಂಡ ಕೀಲಿ ಮೋಟಾರು, ಒಂದು ಪ್ಲಾಸ್ಟಿಕ್ ಪೀಪಿ, ತಾನು ನಿಜವಾದ ಹಣ್ಣೆಂದೇ ನಂಬಿರುವ ಮಣ್ಣಿನ ಬಾಳೆಹಣ್ಣು. ಮನುಷ್ಯರ ಕಣ್ಣಿಲ್ಲದ ಮನೆಯಲ್ಲಿ ಹಗಲೂ ರಾತ್ರಿ ಓಡಾಡಬಹುದೆಂದು ಮೊದಲ ದಿನ ಅವಕ್ಕೆ ಹಬ್ಬವೋ ಹಬ್ಬ. ಮೂರನೇ ದಿನ ಸಿಪಾಯಿಯ ಬೆನ್ನು ತಟ್ಟಿದಾಗ ಡಬ್ ಡಬ್ ಅಂತ ಖಾಲಿ ಡಬ್ಬಿಯ ಸದ್ದು. ಅವನು ತಿರುಗಿ ನೋಡಿ ಮಾತಾಡಿದ, ಆದರೆ ದನಿ ಅವನದಲ್ಲ.

ಅಲ್ಲಿಂದ ಮುಂದೆ ನೀವೇ ಓದಬೇಕು.

ಎಷ್ಟು ವಯಸ್ಸಿನ ಮಕ್ಕಳಿಗೆ?

ತಾವೇ ಓದುವುದಾದರೆ ಎಂಟರ ಮೇಲೆ. ಹಿರಿಯರು ಓದಿ ಹೇಳುವುದಾದರೆ ಐದೂ ಸಾಕು. ಸಿಪಾಯಿಯ ಅಧ್ಯಾಯವನ್ನು ಮಾತ್ರ ಹಗಲಲ್ಲಿ ಓದಿ.

ಗೊಂಬೆಗೆ ಜೀವ ಬರುವುದು ಹೇಗೆ? ಮಂತ್ರ ಇದೆಯಾ?

ಮಂತ್ರ ಇಲ್ಲ, ತುತ್ತು ಇದೆ. ಯಾವುದೋ ಮಗು ಅಡಿಗಿ ಆಟ ಆಡುವಾಗ ‘ಉಣ್ಣ, ಇನ್ನೊಂದ್ ತುತ್ತು’ ಅಂತ ಒಮ್ಮೆ ಬಾಯಿಗೆ ಹಿಡಿದರೆ ಆ ಗೊಂಬೆಗೆ ಜೀವ ಬರುತ್ತದೆ. ತುತ್ತು ಸುಳ್ಳಾಗಿದ್ದರೂ ನಡೆಯುತ್ತದೆ. ಕಲ್ಲಿನ ಅನ್ನ, ಎಲೆಯ ರೊಟ್ಟಿ, ಏನಾದರೂ ಸರಿ. ಉಣ್ಣದ ಗೊಂಬೆ ಬರೀ ಸಾಮಾನು.

ಈ ನಿಯಮವನ್ನು ನಾನು ಗಾಳಿಯಿಂದ ತಂದಿಲ್ಲ. ನಮ್ಮ ಕಡೆ ವರ್ಷಕ್ಕೆ ಎಷ್ಟು ಸಲ ಮಣ್ಣಿಗೆ ಉಣ್ಣಿಸುತ್ತೇವೆ ನೋಡಿ. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ, ಪೂಜಿಸಿ, ಎಡೆ ಹಿಡಿಯುತ್ತೇವೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಕೂಡ್ರಿಸುತ್ತಾರೆ. ಗಣೇಶ ಚೌತಿಯ ಬೆನ್ನಿಗೆ ಬುಟ್ಟಿಯಲ್ಲಿ ಕುಳಿತು ಜೋಕುಮಾರ ಬರುತ್ತಾನೆ, ಬೇವಿನ ಸೊಪ್ಪಿನ ನಡುವೆ, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು. ಇವರೆಲ್ಲ ಕೆಲವೇ ದಿನ ನಮ್ಮ ನಡುವೆ ಇದ್ದು ಹೋಗುವವರು. ಜೋಕುಮಾರನನ್ನಂತೂ ಅತ್ತು ಕಳಿಸುತ್ತಾರೆ. ಇಂಥ ಊರಲ್ಲಿ ಬೆಳೆದ ಮಗುವಿಗೆ ‘ಮಣ್ಣಿನ ಗೊಂಬೆ ಮಾತಾಡಿತು’ ಅಂದರೆ ಅದು ಹುಬ್ಬೇರಿಸುವುದಿಲ್ಲ. ‘ಏನಂತು?’ ಅಂತ ಕೇಳುತ್ತದೆ. ಅದಕ್ಕೇ ಈ ಕಥೆಯಲ್ಲಿ ಮಿಂಚು, ಮಾಯಾದಂಡ, ದೇವಕನ್ಯೆ ಯಾವುದೂ ಬರುವುದಿಲ್ಲ.

ಪೊಳ್ಳವ್ವ ಅಂದರೆ ಯಾರು? ದೆವ್ವನಾ, ರಾಕ್ಷಸಿನಾ?

ಎರಡೂ ಅಲ್ಲ. ಒರಲೆಗಳ, ಅಂದರೆ ಗೆದ್ದಲುಗಳ ರಾಣಿ. ಹಿತ್ತಲಿನ ಹುತ್ತದಲ್ಲಿ ಇರುತ್ತಾಳೆ.

ಗೊಂಬೆಗಳ ಕಥೆಗೆ ಗೊಂಬೆಗಳ ಅಳತೆಯ ಕೇಡೇ ಬೇಕು ಎಂಬುದು ನನ್ನ ಹಟ. ಹತ್ತು ತಲೆಯ ರಾಕ್ಷಸ ಬಂದರೆ ಅಂಗೈಯಷ್ಟಿರುವ ಸಿಪಾಯಿ ಏನು ಮಾಡಬೇಕು? ನಗು ಬರುತ್ತದೆ, ಹೆದರಿಕೆ ಬರುವುದಿಲ್ಲ. ಖಾಲಿ ಬಿದ್ದ ಮನೆಯಲ್ಲಿ ಕಟ್ಟಿಗೆ ಗೊಂಬೆಗೆ ನಿಜವಾದ ವೈರಿ ಯಾರೆಂದು ಹಳೇ ಮನೆ ನೋಡಿದವರಿಗೆ ಹೇಳಬೇಕಿಲ್ಲ. ಜಂತಿಗೆ ಬೆರಳು ಒತ್ತಿದರೆ ಬೆರಳೇ ಒಳಗೆ ಹೋಗುತ್ತದೆ.

ಒರಲೆಯ ಬಗ್ಗೆ ಕಥೆಯಲ್ಲಿರುವ ಹೆಚ್ಚಿನ ಸಂಗತಿ ನಿಜ. ಕೂಲಿ ಒರಲೆಗಳಿಗೆ ಸಾಮಾನ್ಯವಾಗಿ ಕಣ್ಣಿಲ್ಲ. ಬೆಳಕು, ಒಣಗಾಳಿ ಆಗದ ಕಾರಣ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಏರುತ್ತವೆ. ಕಟ್ಟಿಗೆಯನ್ನು ಒಳಗಿಂದ ತಿನ್ನುತ್ತವೆ. ಹೊರಗಿನ ಬಣ್ಣ, ಮೀಸೆ, ನಗು ಎಲ್ಲ ಇದ್ದ ಹಾಗೇ ಇರುತ್ತದೆ. ತಮ್ಮ ಗೂಡಿನವರು ಯಾರು, ಹೊರಗಿನವರು ಯಾರು ಎಂಬುದನ್ನು ವಾಸನೆಯಿಂದ ಗುರುತಿಸುತ್ತವೆ. ಹುತ್ತ ಕಟ್ಟುವ ಹಲವು ಜಾತಿಗಳು ಒಳಗೆ ಅಣಬೆಯ ತೋಟವನ್ನೂ ಬೆಳೆಸುತ್ತವೆ. ನಡುವೆ ಗಟ್ಟಿ ಮಣ್ಣಿನ ಕೋಣೆಯಲ್ಲಿ ರಾಣಿ: ಮೊಟ್ಟೆಗಳಿಂದ ಹೊಟ್ಟೆ ಉಬ್ಬಿ ನಡೆಯಲಾರದವಳು, ದಿನಕ್ಕೆ ಸಾವಿರಾರು ಮೊಟ್ಟೆ ಇಡುವವಳು.

ನಾನು ಸೇರಿಸಿದ್ದು ಎರಡೇ. ಒಂದು, ತಿಂದ ಗೊಂಬೆಯ ಬಾಯಿಂದ ಅವಳು ಮಾತಾಡುತ್ತಾಳೆ. ಎರಡು, ‘ಒಳಗ ಬರ್ಲ್ಯಾ?’ ಎಂದು ಕೇಳಿ, ‘ಬಾ’ ಅನ್ನಿಸಿಕೊಳ್ಳದೆ ಅವಳ ಮಂದಿ ಯಾರ ಮೈಗೂ ಹಲ್ಲು ಹಚ್ಚುವಂತಿಲ್ಲ.

ಹಾಗಾದರೆ ಸಿಪಾಯಿ ‘ಬಾ’ ಅಂತ ಯಾಕಂದ? ಅವನು ದಡ್ಡನಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅದೂ ಸಿಟ್ಟಿನಿಂದ. ಸಿಪಾಯಿ ದಡ್ಡನಲ್ಲ, ಬಡಾಯಿಕೋರ. ‘ನಾ ಗೋಕಾಕ ಫಾಲ್ಸ್ ಮ್ಯಾಲಿಂದ ಜಿಗಿದು ಹೊಳಿ ಹಿಡಕೊಂಡು ಬಂದಾಂವ’ ಎಂದು ಎಲ್ಲರಿಗೂ ಹೇಳುತ್ತಾನೆ. ಘಟಪ್ರಭೆ ಅಲ್ಲಿ 52 ಮೀಟರ್ ಕೆಳಗೆ ಬೀಳುತ್ತದೆ, ಮುಧೋಳ ದಾಟಿ ಬಾಗಲಕೋಟೆಗೇ ಬರುತ್ತದೆ, ಆದ್ದರಿಂದ ಸುಳ್ಳು ಅಂದವಾಗಿಯೇ ಇದೆ. ಅವನು ಬಂದದ್ದು ಬಸ್ಸಿನಲ್ಲಿ, ಸಾವಂತ್ರಿಯ ಮಾವನ ಚೀಲದಲ್ಲಿ, ಕರದಂಟಿನ ಪೊಟ್ಟಣದ ಪಕ್ಕ. ಅದು ಎಲ್ಲರಿಗೂ ಗೊತ್ತು. ಖಾಲಿ ಮನೆಯ ಎರಡನೇ ದಿನ ಅವನ ಕಥೆ ಕೇಳುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಗೋಡೆಯ ಒಳಗಿಂದ ಒಂದು ದನಿ ಬಂತು: ‘ಆಮ್ಯಾಲೇನಾತು? ಹೇಳ. ಒಳಗ ಬರ್ಲ್ಯಾ?’

ನೀವಾಗಿದ್ದರೆ ಏನು ಅನ್ನುತ್ತಿದ್ದಿರಿ?

ಮಕ್ಕಳಿಗೆ ಇಷ್ಟು ಹೆದರಿಸಬೇಕಾ? ನಮ್ಮ ಮಗಳು ರಾತ್ರಿ ಮಲಗಲಿಲ್ಲ.

ಹೆದರಿಕೆಯೇ ಇಲ್ಲದ ಕಥೆಯನ್ನು ಮಕ್ಕಳು ಅರ್ಧಕ್ಕೆ ಬಿಟ್ಟು ಆಡಲು ಹೋಗುತ್ತಾರೆ. ಆದರೆ ಹೆದರಿಕೆಗೆ ಬೇಲಿ ಇರಬೇಕು. ಕೇಡು ಎಲ್ಲಿಂದ ಬರುತ್ತದೆ, ಯಾವುದನ್ನು ಮಾಡಲಾರದು, ಅದನ್ನು ಹಿಡಿಯುವ ಉಪಾಯ ಏನು ಎಂಬುದು ಮಗುವಿಗೆ ಗೊತ್ತಿದ್ದರೆ ಹೆದರಿಕೆಯೇ ಆಟವಾಗುತ್ತದೆ. ಈ ಕಥೆಯಲ್ಲಿ ಮೂರು ಬೇಲಿ ಇವೆ: ‘ಬಾ’ ಅನ್ನದೆ ಅವಳು ಬರಲಾರಳು, ಮಣ್ಣು, ತಗಡು, ಪ್ಲಾಸ್ಟಿಕ್ಕನ್ನು ತಿನ್ನಲಾರಳು, ಬೆನ್ನು ತಟ್ಟಿದರೆ ಸದ್ದು ಸುಳ್ಳು ಹೇಳದು. ಮಲಗದ ಮಗಳಿಗೆ ಮರುದಿನ ಮನೆಯ ಬಾಗಿಲು, ಮೇಜು, ಮಂಚ ಎಲ್ಲ ತಟ್ಟಿ ನೋಡಲು ಹೇಳಿ. ಸಂಜೆಯ ಹೊತ್ತಿಗೆ ಅವಳೇ ಪೊಳ್ಳವ್ವನಾಗಿ ತಮ್ಮನನ್ನು ಅಳಿಸಿರುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ‘ಸಿಪಾಯಿ ಕೊನೆಗೆ ಸರಿಹೋಗುವ ಹಾಗೆ ಬದಲಿಸಿ’ ಎಂದು ಅನೇಕರು ಕೇಳಿದ್ದಾರೆ. ಒರಲೆ ತಿಂದ ಕಟ್ಟಿಗೆ ಮತ್ತೆ ತುಂಬಿಕೊಳ್ಳುವುದಿಲ್ಲ, ಇದು ಮಕ್ಕಳಿಗೂ ಗೊತ್ತು.

ಸಂದೂಕದ ಮೇಲೆ ‘ನಾಳೆ ಬಾ’ ಬರೆದದ್ದು ಯಾಕೆ ಕೆಲಸ ಮಾಡಲಿಲ್ಲ?

ಖಣವ್ವ ಅಜ್ಜಿಯ ಬಾಯಲ್ಲಿ ಕೇಳಿದ್ದನ್ನು ನಂಬಿ ಸಂದೂಕದ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದಳು. ಓದಲು ಬಂದವರಿಗೆ ಕಣ್ಣು ಬೇಕಲ್ಲ!

ಒರಲೆಗೆ ರೆಕ್ಕೆ ಬರುತ್ತದೆ. ಹಾರಿ ಹೋಗುವುದು ಬಿಟ್ಟು ಪೊಳ್ಳವ್ವನಿಗೆ ಗೊಂಬೆಗಳು ಯಾಕೆ ಬೇಕು?

ವಿಜಯಪುರದ ಆರನೇ ಇಯತ್ತೆಯ ಹುಡುಗನೊಬ್ಬ ಕೇಳಿದ ಪ್ರಶ್ನೆ. ಈಗ ಬಹಳ ಮಂದಿ ಕೇಳುತ್ತಾರೆ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಮಳೆಹುಳ ಅಂದರೆ ಇವೇ, ಹೊಸ ಗೂಡು ಹಾಕಲು ಹೊರಟ ರೆಕ್ಕೆಯ ಒರಲೆಗಳು. ಅವುಗಳಲ್ಲಿ ಬದುಕುವುದು ತೀರ ಕಡಿಮೆ. ಕಾಗೆ, ಹಲ್ಲಿ, ಕಪ್ಪೆ, ಕೋಳಿ ಎಲ್ಲಕ್ಕೂ ಅಂದು ಹಬ್ಬದೂಟ. ಪೊಳ್ಳವ್ವನಿಗೆ ನಂಬಿಕೆಯ ದಾರಿ ಬೇಕು. ಪೊಳ್ಳಾದ ಕಟ್ಟಿಗೆ ಗಟ್ಟಿ ಕಟ್ಟಿಗೆಗಿಂತ ಹಗುರ, ನೀರಲ್ಲಿ ಚೆನ್ನಾಗಿ ತೇಲುತ್ತದೆ. ಬಣ್ಣದ ಗೊಂಬೆ ದಂಡೆಗೆ ಬಂದರೆ ಯಾವ ಮಗು ಎತ್ತಿಕೊಳ್ಳದೆ ಬಿಟ್ಟೀತು? ನವನಗರದ ಹೊಸ ಮನೆಗಳಿಗೆ ಅವಳ ಮಂದಿ ಮಕ್ಕಳ ಕಂಕುಳಲ್ಲೇ ಕುಳಿತು ಹೋಗಬೇಕು. ಅದು ಅವಳ ಹೂಟ. ಗೊಂಬೆಗಳು ಹೋರಾಡುವುದು ತಮ್ಮ ಜೀವಕ್ಕಿಂತ ಹೆಚ್ಚಾಗಿ ಇದನ್ನು ತಡೆಯಲು.

ಸೀಮೆಎಣ್ಣೆ ಸುರಿದರೆ ಮುಗೀತಿತ್ತಲ್ಲ?

ಸೀಮೆಎಣ್ಣೆ ಡಬ್ಬಿಯೂ ಲಾರಿ ಏರಿತ್ತು.

ಕಥೆಯಲ್ಲಿ ನಿಜವಾದ ಕೇಡು ಹಿನ್ನೀರೇ ಅಲ್ಲವೇ? ಅಣೆಕಟ್ಟನ್ನು ವಿರೋಧಿಸಿ ಬರೆದಿದ್ದೀರಾ?

ದೊಡ್ಡವರು ಮಾತ್ರ ಕೇಳುವ ಪ್ರಶ್ನೆ. ಮಕ್ಕಳು ಇದುವರೆಗೆ ಕೇಳಿಲ್ಲ.

ಆಲಮಟ್ಟಿ ಅಣೆಕಟ್ಟು ವಿಜಯಪುರ ಜಿಲ್ಲೆಯಲ್ಲಿದೆ, ಕೃಷ್ಣೆಗೆ ಅಡ್ಡಲಾಗಿ. 1964ರಲ್ಲಿ ಅಡಿಗಲ್ಲು ಹಾಕಿದ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹೆಸರೇ ಜಲಾಶಯಕ್ಕಿದೆ. ನೀರು 519.60 ಮೀಟರ್ ಮಟ್ಟಕ್ಕೆ ನಿಂತಾಗ ಚಿಕ್ಕಸಂಗಮದಿಂದ ಘಟಪ್ರಭೆಯ ಗುಂಟ ಹಿಂದಕ್ಕೆ ಸರಿದು ಬಾಗಲಕೋಟೆಯ ತನಕ ಬರುತ್ತದೆ. ಆ ನೀರಿನಿಂದ ಹೊಲ ಹಸಿರಾದವರೂ ನಮ್ಮವರೇ, ಮನೆ ಕಳಕೊಂಡವರೂ ನಮ್ಮವರೇ. ಇನ್ನು 524.256 ಮೀಟರಿಗೆ ಏರಿಸುವ ಮಾತಿದೆ. ಹಾಗಾದರೆ ಮತ್ತಷ್ಟು ಓಣಿಗಳು ಸಾಮಾನು ಕಟ್ಟಬೇಕು. ಇದರ ಲೆಕ್ಕ ಮಾಡುವ ಜಾಗ ಮಕ್ಕಳ ಕಥೆಯಲ್ಲ.

ಕಥೆಯೊಳಗಿನ ನೀರಿಗೆ ಯಾರ ಮೇಲೂ ಹಗೆ ಇಲ್ಲ. ಅದು ಬರುತ್ತದೆ, ಅಷ್ಟೇ. ಮಣ್ಣಿನವರಿಗೆ ನೀರಿನ ಭಯ, ಕಟ್ಟಿಗೆಯವರಿಗೆ ಒರಲೆಯ ಭಯ. ಕಟ್ಟಿಗೆ ನೀರಿಗೆ ಅಂಜುವುದಿಲ್ಲ, ಮಣ್ಣು ಒರಲೆಗೆ ಅಂಜುವುದಿಲ್ಲ. ಒಬ್ಬರ ಹೆದರಿಕೆ ಇನ್ನೊಬ್ಬರಿಗೆ ತಮಾಷೆ ಅನ್ನಿಸುವ ಕಡೆ ಜಗಳ ಹುಟ್ಟುತ್ತದೆ. ಆ ಜಗಳವನ್ನು ಬರೆಯುವುದೇ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು. ಬಾಳೆಹಣ್ಣಂತೂ ತನಗೆ ಎರಡರ ಭಯವೂ ಇಲ್ಲ, ಕೊಳೆಯುವ ಭಯ ಮಾತ್ರ ಎನ್ನುತ್ತದೆ.

ಆ ಮನೆ ನಿಜವಾಗಿ ಇದೆಯಾ? ಯಾವ ಓಣಿ?

ಒಂದೇ ಮನೆ ಅಲ್ಲ. ಮೇಲ್ಮುದ್ದಿಯ ಮಾಳಿಗೆ, ಬೆಳಕಿಂಡಿ, ಕಟ್ಟಿಗೆಯ ಕಂಬ, ಗೋಡೆಯಲ್ಲಿ ದೀಪದ ಮಾಡ ಇರುವ ಮನೆಗಳು ಹಳೇ ಊರಲ್ಲಿ ಬೇಕಾದಷ್ಟಿದ್ದವು. ನೀರು ಮುಟ್ಟದ ಭಾಗದಲ್ಲಿ ಇನ್ನೂ ಇವೆ. ಓಣಿಯ ಹೆಸರು ಹೇಳಿದರೆ ಅಲ್ಲಿಯವರು ‘ಅದು ನಮ್ಮ ದೊಡ್ಡಪ್ಪನ ಮನಿ’ ಎಂದು ವಾದಕ್ಕೆ ನಿಲ್ಲುತ್ತಾರೆ.

ಸಿಪಾಯಿಯಂಥ ಗೋಕಾಕದ ಗೊಂಬೆ ಈಗಲೂ ಸಿಗುತ್ತವೆಯಾ?

ಗೋಕಾಕ ಅಂದರೆ ಎಲ್ಲರಿಗೂ ಕರದಂಟು ನೆನಪಾಗುತ್ತದೆ, ಗೊಂಬೆ ನೆನಪಾಗುವವರು ಕಡಿಮೆ. ಅಲ್ಲಿಯ ಜಿನಗಾರ ಮನೆತನಗಳು ಹಗುರ ಕಟ್ಟಿಗೆಯನ್ನು ಕೆತ್ತಿ, ಬಣ್ಣ ಬಳಿದು ಗೊಂಬೆ ಮಾಡುತ್ತ ಬಂದವರು. ಮಣ್ಣಿನ ಹಣ್ಣು, ಕಾಯಿಪಲ್ಲೆಗೂ ಊರು ಹೆಸರಾದದ್ದೇ. ದೂರದಿಂದ ನೋಡಿದರೆ ಕೈ ಹಾಕಿ ಬಾಯಿಗಿಡಬೇಕು ಅನ್ನಿಸುತ್ತದೆ. ನಮ್ಮ ಬಾಳೆಹಣ್ಣಿನ ಭ್ರಮೆಗೆ ಕಾರಣ ಅದೇ. ಚನ್ನಪಟ್ಟಣದ ಗೊಂಬೆ ಬೇರೆ. ಅದು ತಿರುಗಣಿಯಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ್ದು, ನುಣುಪು, ದುಂಡಗೆ. ಗೋಕಾಕದ್ದಕ್ಕೆ ಉಳಿಯ ಗುರುತು, ಕುಂಚದ ಮೀಸೆ. ಸಿಪಾಯಿಯ ಎಡಮೀಸೆ ಸ್ವಲ್ಪ ಮೇಲಿದೆ ಎಂದು ಕಥೆಯಲ್ಲಿ ಬರೆದದ್ದು ಇದಕ್ಕೇ: ಕೈಕೆಲಸದಲ್ಲಿ ಎರಡು ಮೀಸೆ ಒಂದೇ ಸಮ ಬಂದರೆ ಅದು ಸಿಪಾಯಿ ಅಲ್ಲ, ಫೋಟೊ.

ಸಿಕ್ಕರೆ ಕೊಳ್ಳಿ. ಬೆನ್ನು ತಟ್ಟಿ ನೋಡಿ ಕೊಳ್ಳಿ, ಅಂಗಡಿಯವರು ನಕ್ಕರೆ ನಗಲಿ.

ಪ್ಲಾಸ್ಟಿಕ್ ಪೀಪಿ ಕೆಟ್ಟವನಾಗಬೇಕಿತ್ತು. ಈಗ ಎಲ್ಲ ಕಡೆ ಪ್ಲಾಸ್ಟಿಕ್ ಕೆಟ್ಟದ್ದು ಅಂತಾರೆ.

ಶಾಲೆಯ ಪ್ರಬಂಧದಲ್ಲಿ ಹಾಗೆ ಬರೆಯಲಿ. ಸಾವಂತ್ರಿ ಜಾತ್ರೆಯಲ್ಲಿ ಕಣ್ಣೀರು ಹಾಕಿ ಕೊಂಡದ್ದು ಅವನನ್ನೇ. ಒರಲೆ ತಿನ್ನದ, ನೀರಲ್ಲಿ ಕರಗದ, ಕೊಳೆಯದ ಪೀಪಿಗೆ ಇರುವ ಒಂದೇ ದುಃಖ ತಾನು ಯಾರಿಗೂ ಬೇಡವಾದ ಮೇಲೂ ಇದ್ದೇ ಇರಬೇಕಲ್ಲ ಎಂಬುದು. ಅವನ ಪಾಲಿನ ಪುಟಗಳನ್ನು ನಾನು ಬಹಳ ಪ್ರೀತಿಯಿಂದ ಬರೆದಿದ್ದೇನೆ.

ಇಂಥ ಕಥೆ ಹೊರದೇಶದ್ದಲ್ಲವೇ? ನಕಲು ಮಾಡಿದ್ದೀರಾ?

ಆಟಿಕೆಗಳಿಗೆ ಜೀವ ಬರುವ ಕಥೆಗಳು ಎಲ್ಲ ದೇಶದಲ್ಲೂ ಇವೆ. ನಮ್ಮಲ್ಲಿ ವಿಕ್ರಮನ ಸಿಂಹಾಸನದ ಮೆಟ್ಟಿಲಲ್ಲಿ ಮೂವತ್ತೆರಡು ಗೊಂಬೆಗಳು ಒಂದೊಂದಾಗಿ ಬಾಯಿ ತೆರೆದು ರಾಜನನ್ನೇ ನಿಲ್ಲಿಸಿ ಕಥೆ ಹೇಳಿದವು. ಬತ್ತೀಸ ಪುತ್ಥಳಿಯ ಕಥೆ ಕೇಳಿದ ಅಜ್ಜಿಯರಿಗೆ ಮಾತಾಡುವ ಗೊಂಬೆ ಹೊಸದಲ್ಲ. ನಾನು ಸಿಂಹಾಸನ ತೆಗೆದು ಸಂದೂಕ ಇಟ್ಟಿದ್ದೇನೆ.

ವಿಜಯಪುರದ ಗೋಳಗುಮ್ಮಟ ಕಥೆಯಲ್ಲಿ ಯಾಕೆ ಬಂದಿಲ್ಲ?

ವಿಜಯಪುರದ ಮಕ್ಕಳ ತಕರಾರು, ಒಪ್ಪತಕ್ಕದ್ದೇ. ಒಂದು ಕಡೆ ಪಿಸುಗುಟ್ಟಿದ್ದು ಆಚೆ ಗೋಡೆಗೆ ಕೇಳುವ ಗುಮ್ಮಟದಲ್ಲಿ ಪೊಳ್ಳವ್ವನ ದನಿ ಬಂದರೆ ಹೇಗಿರುತ್ತದೆ ಅಂತ ನನಗೂ ಆಸೆ. ಮಲಿಕ್-ಎ-ಮೈದಾನ್ ತೋಪಿನ ಬಾಯಲ್ಲಿ ಆನೆಯನ್ನು ಅಗಿಯುತ್ತಿರುವ ಸಿಂಹವನ್ನು ನೋಡಿದ ಮೇಲಂತೂ ಕಥೆ ಅರ್ಧ ಸಿದ್ಧವಾದಂತೆಯೇ. ಆದರೆ ಕೀಲಿ ಮೋಟಾರು ಒಂದು ಸಲ ಕೀಲಿ ಕೊಟ್ಟರೆ ಪಡಸಾಲೆ ದಾಟುವುದೇ ಕಷ್ಟ. ಬಾಗಲಕೋಟೆಯಿಂದ ವಿಜಯಪುರಕ್ಕೆ ಹೋಗುವುದು ಹೇಗೆ?

(ಕೊನೆ ಬಯಲು) ಕುಂಟ್ಯಾನನ್ನು ಒರಲೆಗಳು ಹುತ್ತದೊಳಗೆ ಬಿಟ್ಟದ್ದು ಹೇಗೆ?

ಅವನು ಹುತ್ತದ ಮಣ್ಣಿನವನು. ಮಣ್ಣೆತ್ತು ಮಾಡಲು ಕೆಲವರು ಎರಿಮಣ್ಣು ತರುತ್ತಾರೆ, ಕೆಲವರು ಹುತ್ತದ ಮಣ್ಣು. ಸಾವಂತ್ರಿಯ ಅಜ್ಜಿ ಹಿತ್ತಲಿನ ಹುತ್ತದ್ದನ್ನೇ ತಂದಿದ್ದಳು. ಎರಡನೇ ಅಧ್ಯಾಯದಲ್ಲಿ ಖಣವ್ವ ‘ನಿನ್ನ ಮೈಗೆ ಹಿತ್ತಲ ವಾಸನಿ ಐತಿ’ ಎಂದು ಮೂಗು ಮುರಿಯುತ್ತಾಳೆ; ಅಲ್ಲೇ ಸುಳಿವಿದೆ. ವಾಸನೆಯಿಂದ ಮಾತ್ರ ಗುರುತಿಸುವ ಕುರುಡು ಕಾವಲಿಗೆ ಅವನು ಒಳಗಿನವನೇ. ಅಂದರೆ ಪೊಳ್ಳವ್ವ ಮತ್ತು ಕುಂಟ್ಯಾ ಒಂದೇ ಮಣ್ಣಿನವರು. ಒಬ್ಬರಿಗೆ ಯಾರೋ ತುತ್ತು ಕೊಟ್ಟರು, ಇನ್ನೊಬ್ಬರಿಗೆ ಕೊಡಲಿಲ್ಲ.

(ಕೊನೆ ಬಯಲು) ಕುಂಟ್ಯಾ ಸತ್ತನಾ?

ರಾಣಿಯ ಕೋಣೆಯ ಬಾಯಲ್ಲಿ ಅಡ್ಡ ನಿಂತ. ನೀರು ಬಂತು, ಕರಗಿದ, ಬಾಯಿ ಮುಚ್ಚಿತು. ಹುತ್ತದ ಮಣ್ಣು ಹುತ್ತಕ್ಕೇ ಮೆತ್ತಿಕೊಂಡಿತು. ಪೊಳ್ಳವ್ವನ ಮಂದಿ ಪೊಳ್ಳು ಗೊಂಬೆಗಳನ್ನು ಏರಲಿಲ್ಲ.

ಸತ್ತನೇ ಎಂದು ಕೇಳುವವರು ಹೆಚ್ಚಾಗಿ ತಂದೆತಾಯಿಗಳು. ಮಕ್ಕಳ ಪ್ರಶ್ನೆ ಬೇರೆ: ‘ಮುಂದಿನ ಅಮಾಸಿಗೆ ಬರ್ತಾನಲ್ಲ?’ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಕುಂಟೆತ್ತು ಬಂದೈತಿ ಜ್ವಾಳ ನೀಡ್ರಿ ಅಂತ ಮನೆ ಮನೆ ತಿರುಗಿದ ಹುಡುಗರಿಗೆ ಎತ್ತು ಪ್ರತಿ ವರ್ಷ ಹೋಗುವುದೂ ಗೊತ್ತು, ಬರುವುದೂ ಗೊತ್ತು. ಕೊನೆಯ ಅಧ್ಯಾಯದಲ್ಲಿ ಸಾವಂತ್ರಿ ನವನಗರದ ಹೊಸ ಮನೆಯಲ್ಲಿ ಎತ್ತು ಮಾಡುತ್ತಾಳೆ. ನಾಲ್ಕು ಕಾಲು ಸರಿಯಾಗಿ ಮಾಡಿ, ಆಮೇಲೆ ಒಂದನ್ನು ಮುರಿಯುತ್ತಾಳೆ. ಅವನೇ ಇವನೋ, ಬೇರೆಯವನೋ ಎಂದು ನಾನು ಬರೆದಿಲ್ಲ. ಬರೆಯುವುದೂ ಇಲ್ಲ.

ಶಾಲೆಯಲ್ಲಿ ನಾಟಕ ಆಡಬಹುದಾ? ದುಡ್ಡು ಕೊಡಬೇಕಾ?

ಆಡಿ. ಏನೂ ಕೊಡಬೇಕಿಲ್ಲ. ಹೆಸರು ಬದಲಿಸಬೇಡಿ, ಕೊನೆ ಬದಲಿಸಬೇಡಿ, ಅಷ್ಟೇ.

ಕೆಲವು ಮಾತು ಕಿವಿಗೆ ಹಾಕಿಕೊಳ್ಳಿ. ಮಕ್ಕಳು ಗೊಂಬೆಗಳಾಗಿ ಕಾಣಬೇಕೆಂದು ಮುಖಕ್ಕೆ ಬಣ್ಣ ಬಳಿಯುವ ಬದಲು ಸುತ್ತಲಿನ ಸಾಮಾನು ದೊಡ್ಡದು ಮಾಡಿ. ರಟ್ಟಿನಲ್ಲಿ ಆಳೆತ್ತರದ ಒಂದು ಬೆಂಕಿಪೊಟ್ಟಣ ನಿಲ್ಲಿಸಿದರೆ ಸಾಕು, ಹುಡುಗರು ತಾವಾಗಿ ಸಣ್ಣವರಾಗುತ್ತಾರೆ. ಪೊಳ್ಳವ್ವನನ್ನು ವೇದಿಕೆಗೆ ತರಲೇಬೇಡಿ. ಕಪ್ಪು ಸೀರೆ, ಕೆದರಿದ ಕೂದಲು, ಕೋರೆಹಲ್ಲು ಹಾಕಿದ ಕೂಡಲೇ ಅವಳು ಯಾವುದೋ ಕಂಪನಿ ನಾಟಕದ ಶೂರ್ಪನಖಿ ಆಗಿಬಿಡುತ್ತಾಳೆ. ಪರದೆಯ ಹಿಂದೆ ಖಾಲಿ ಕೊಡದೊಳಗೆ ಬಾಯಿಟ್ಟು ಮಾತಾಡಿಸಿ, ಅದೂ ಮೆಲ್ಲಗೆ. ಬೆನ್ನು ತಟ್ಟುವ ಸದ್ದಿಗೆ ಖಾಲಿ ಎಣ್ಣೆ ಡಬ್ಬಿ. ನೀರು ಏರುವ ದೃಶ್ಯಕ್ಕೆ ಹಲಗಿ ಬಾರಿಸಿ: ಬಾಗಲಕೋಟೆಯ ಹೋಳಿ ಕಂಡ ಹುಡುಗರಿಗೆ ಅದರ ಹೊಡೆತ ಕೈಯಲ್ಲೇ ಇರುತ್ತದೆ. ನಿಧಾನ ಶುರು ಮಾಡಿ, ಪ್ರತಿ ಗೊಂಬೆ ಒಂದು ಮೆಟ್ಟಿಲು ಏರಿದಾಗ ಸ್ವಲ್ಪ ಬಿರುಸು. ಕುಂಟ್ಯಾನ ಪಾತ್ರಕ್ಕೆ ತರಗತಿಯಲ್ಲಿ ಕಡಿಮೆ ಮಾತಾಡುವ ಹುಡುಗನನ್ನೋ ಹುಡುಗಿಯನ್ನೋ ಹಾಕಿ. ಇಡೀ ನಾಟಕದಲ್ಲಿ ಅವನಿಗಿರುವುದು ಕೆಲವೇ ಮಾತು. ಸಿಪಾಯಿಗೆ ಮಾತ್ರ ವಾಚಾಳಿ ಬೇಕು.

ಕೀಲಿ ಮೋಟಾರಿನ ಕೀಲಿ ಕೊನೆಗೆ ಎಲ್ಲಿ ಹೋಯಿತು? ಎಲ್ಲೂ ಬರೆದಿಲ್ಲ.

ಬರೆದಿದ್ದೇನೆ. ಏಳನೇ ಅಧ್ಯಾಯದಲ್ಲಿ ಇಲಿ ಬಾಯಲ್ಲಿ ಏನೋ ಕಚ್ಚಿಕೊಂಡು ಓಡುತ್ತದೆ, ಬಾಳೆಹಣ್ಣು ‘ನನ್ನನ್ನ ಬಿಟ್ಟು ಅದನ್ಯಾಕ ಒಯ್ದಿ?’ ಎಂದು ಬೇಜಾರು ಮಾಡಿಕೊಳ್ಳುತ್ತದೆ. ಇನ್ನೊಮ್ಮೆ ಓದಿ.